ಗೋಪನಕೊಪ್ಪಕ್ಕೆ ಒಯ್ದ ಚಿತ್ರದ ರಟ್ಟು

ಜನವರಿ ಕೊನೆಯ ಗುರುವಾರ ಬೆಳಗ್ಗೆ ಏಳೂವರೆಗೆ ಶಿಗ್ಗಾವಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆವು. ನಾನು, ನನ್ನ ಮೂರನೆಯ ತರಗತಿಯ ಆಫ್ರೀನ್, ಅವಳನ್ನು ಎತ್ತಿಕೊಂಡಿದ್ದ ಅವಳ ತಂದೆ ಇಮಾಮಸಾಬ. ಹೆಂಗಸರಿಗೆ ಬಸ್ಸು ಪುಕ್ಕಟೆ, ಹಾಗಾಗಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡವನು ಇಮಾಮಸಾಬ ಒಬ್ಬನೇ. "ನೀವಿಬ್ರೂ ಸರಕಾರದ ಬೀಗರು, ನಾ ಒಬ್ಬನ ಪರದೇಸಿ ಆದ್ನಿ ನೋಡ್ರಿ ಅಕ್ಕಾರ" ಎಂದು ನಕ್ಕ. ಆತ ಬೈಕ್ ರಿಪೇರಿ ಮಾಡುವವನು. ಅಂದು ಗ್ಯಾರೇಜು ಮುಚ್ಚಿ ಬಂದಿದ್ದ.

ಆಫ್ರೀನ್‌ಗೆ ಒಂಬತ್ತು ವರ್ಷ. ಹುಟ್ಟಿನಿಂದಲೇ ಕೈಕಾಲು ಬಿಗಿ, ಮಾತು ಹೊರಡುವುದಿಲ್ಲ. ಕಿವಿ ಮಾತ್ರ ಬಲು ಚುರುಕು. ಎರಡು ವರ್ಷ ನನ್ನ ಮುಂದೆ ಕುಳಿತರೂ ಅವಳಿಂದ ನನಗೆ ಒಂದು ಉತ್ತರವೂ ಸಿಕ್ಕಿರಲಿಲ್ಲ.

ನನ್ನ ಚೀಲದಲ್ಲಿ ಒಂದು ಫಾರ್ಮು ಇತ್ತು. ಬರುವ ವರ್ಷ ಅವಳು ಶಾಲೆಗೇ ಬರಬೇಕೋ, ಮನೆಯಲ್ಲಿದ್ದು ಆಗೀಗ ಬರುವ ಶಿಕ್ಷಕರ ಹತ್ತಿರ ಕಲಿಯಬೇಕೋ ಎಂದು ತರಗತಿ ಶಿಕ್ಷಕಿಯಾದ ನಾನು ಬರೆಯಬೇಕಿತ್ತು. 'ಸ್ಪಂದನೆ ಇಲ್ಲ, ಮನೆಯೇ ಸೂಕ್ತ' ಎಂದು ಬರೆಯಲು ಪೆನ್ನನ್ನೂ ತೆಗೆದಿದ್ದೆ. ಆಗ ಇಮಾಮಸಾಬ ಬಂದು ಕೈ ಮುಗಿದ. "ಬರಿಯೂಕಿಂತ ಮೊದ್ಲ ಒಂದ್ ಸಲ ಹುಬ್ಬಳ್ಳ್ಯಾಗಿನ ಇಂಥಾ ಮಕ್ಕಳ ಸಾಲ್ಯಾಗ ತೋರಿಸ್ಕೊಂಡ್ ಬರೂಣ್ರಿ ಅಕ್ಕಾರ. ಮನ್ಯಾಗ ಕುಂತ್ರ ಆಕಿಗೆ ಗ್ವಾಡಿ ಬಿಟ್ಟು ಬ್ಯಾರೆ ಯಾರೂ ಇಲ್ರಿ." ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಫಾರ್ಮಿನ ಜೊತೆಗೆ ಚೀಲದಲ್ಲಿ ನನ್ನ ಚಿತ್ರದ ರಟ್ಟೂ ಇತ್ತು. ಮಾತು ಬಾರದ ಮಕ್ಕಳು ಚಿತ್ರ ಮುಟ್ಟಿ ಹೇಳಲಿ ಎಂದು ತರಬೇತಿಯೊಂದರಲ್ಲಿ ಕಲಿಸಿದ್ದರು. ಇಪ್ಪತ್ನಾಲ್ಕು ಮನೆ ಗೆರೆ ಹೊಡೆದು, ನೀರು, ಊಟ, ಪುಸ್ತಕ, ಶಾಲೆ, ನಮಸ್ಕಾರ, ಧನ್ಯವಾದ ಎಂದೆಲ್ಲ ಬಣ್ಣ ತುಂಬಿ, ಲ್ಯಾಮಿನೇಷನ್ ಮಾಡಿಸಿದ್ದೆ. ಚಾರ್ಟು ಮಾಡುವುದರಲ್ಲಿ ನಮ್ಮ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿದೆ, ಸುಳ್ಳೇಕೆ ಹೇಳಲಿ. ಹುಬ್ಬಳ್ಳಿಯವರೂ ನೋಡಲಿ ಎಂದೇ ಒಯ್ದಿದ್ದೆ.

ಐವತ್ತು ಚಿಲ್ಲರೆ ಕಿಲೋಮೀಟರಿಗೆ ಒಂದೂವರೆ ತಾಸು ಹಿಡಿಯಿತು. ತಡಸ ದಾಟುವವರೆಗೂ ಚಳಿ, ಆಮೇಲೆ ಬಿಸಿಲು ಚುರುಗುಟ್ಟತೊಡಗಿತು. ಹೊಸ ಬಸ್ ನಿಲ್ದಾಣದ ಹೊರಗೆ ಉಪ್ಪಿಟ್ಟು, ಚಹಾ ಆಯಿತು. ಆ ಶಾಲೆಯಿದ್ದ ಗೋಪನಕೊಪ್ಪಕ್ಕೆ ನೂರೈವತ್ತು ಎಂದ ಆಟೋದವನು ಆಫ್ರೀನ್‌ಳನ್ನು ಕಂಡು ತಾನಾಗಿಯೇ ನೂರಾ ಇಪ್ಪತ್ತಕ್ಕೆ ಇಳಿದ. ಅಲ್ಲಲ್ಲಿ ರಸ್ತೆ ಅಗೆದಿದ್ದರಿಂದ ಹೋಗಿ ಸೇರುವಷ್ಟರಲ್ಲಿ ಮೂವರ ತಲೆಯೂ ದೂಳಾಗಿತ್ತು.

ಅದು ಎರಡು ಕೋಣೆ, ಒಂದು ಪಡಸಾಲೆಯ ಸಣ್ಣ ಶಾಲೆ. ಮಕ್ಕಳು ಹನ್ನೊಂದು. ನಡೆಸುವವರು ಮರ್ಸಿ ಟೀಚರ್, ಧಾರವಾಡದವರು, ಅರವತ್ತು ದಾಟಿದವರು. "ಬರ್ರಿ, ಮೊದ್ಲ ನೀರು ಕುಡೀರಿ" ಎನ್ನುತ್ತ ತಮ್ಮ ಕೊರಳಿಗೆ ನೇತುಹಾಕಿಕೊಂಡಿದ್ದ ಚಿತ್ರದ ರಟ್ಟಿನಲ್ಲಿ 'ಬರ್ರಿ', 'ನೀರು' ಎರಡನ್ನೂ ಬೆರಳಿನಿಂದ ಮುಟ್ಟಿದರು. ಮಗುವಿಗೆ ತೋರಿಸುತ್ತಿದ್ದಾರೆ ಎಂದುಕೊಂಡೆ. ಆದರೆ ನನ್ನ ಜೊತೆ ಮಾತಾಡುವಾಗಲೂ ಹಾಗೇ, ಹಾಲಿನವನ ಜೊತೆಗೂ ಹಾಗೇ.

ನಾನು ಹೆಮ್ಮೆಯಿಂದ ನನ್ನ ರಟ್ಟು ತೆಗೆದೆ. ಅವರು ತಿರುಗಿಸಿ ಮುರುಗಿಸಿ ನೋಡಿದರು.

"ಭಾಳ ಛಲೋ ಐತ್ರಿ. ಎಂದು ಮಾಡಿದ್ದು?"

"ಒಂದೂವರಿ ವರ್ಷ ಆತ್ರಿ."

"ಹೊಸಾದರಂಗ ಐತಲ್ರಿ!"

"ಕಪಾಟಿನ್ಯಾಗ ಕೀಲಿ ಹಾಕಿ ಇಡ್ತೇನ್ರಿ. ಬುಧವಾರ, ಶುಕ್ರವಾರ ಅಷ್ಟ ತೆಗೀತೇನಿ" ಎಂದೆ, ಶಭಾಷ್ ಎನ್ನುತ್ತಾರೆಂಬ ನಂಬಿಕೆಯಲ್ಲಿ. ಸರಕಾರಿ ಶಾಲೆಯಲ್ಲಿ ಕಲಿಸುವ ಸಾಮಾನು ಹರಿಯದಂತೆ ಕಾಯುವುದೇ ನಮಗೆ ಅರ್ಧ ಕೆಲಸ. ತಪಾಸಣೆಗೆ ಬಂದವರು ಮೊದಲು ಕೇಳುವುದೂ ಅದನ್ನೇ.

ಮರ್ಸಿ ಟೀಚರ್ ತಮ್ಮ ಶಾಲೆಯ ಮಕ್ಕಳ ರಟ್ಟುಗಳನ್ನು ತೋರಿಸಿದರು. ಒಂದಕ್ಕೆ ಸಾರಿನ ಕಲೆ, ಒಂದರ ಮೂಲೆ ಹಲ್ಲಿನ ಕಡಿತಕ್ಕೆ ಹರಿದುಹೋಗಿತ್ತು. ಎಲ್ಲವನ್ನೂ ಗಾಲಿ ಕುರ್ಚಿಗೋ ಕೊರಳಿಗೋ ಕಟ್ಟಿದ್ದರು. ಮನೆಗೂ ಜೊತೆಗೇ ಹೋಗುತ್ತವಂತೆ. ಆಮೇಲೆ ಮೆಲ್ಲಗೆ ಕೇಳಿದರು, "ನಿಮಗ ಬುಧವಾರ, ಶುಕ್ರವಾರ ಅಷ್ಟ ಬಾಯಿ ತೆಗೀರಿ ಅಂದ್ರ ಹೆಂಗ ಮಾಡ್ತಿದ್ರಿ ಅಕ್ಕಾರ?"

ಅವರು ಬಯ್ಯಲಿಲ್ಲ, ಅದೇ ಕಷ್ಟವಾಯಿತು. "ಕೂಸು ನಾವು ಮಾತಾಡೂದು ಕೇಳಿ ಕೇಳಿ ಮಾತು ಕಲೀತದ. ಈ ರಟ್ಟಿನ ಮ್ಯಾಲೆ ನೀವು ಒಂದಿನಾನೂ ಮಾತಾಡಿಲ್ಲ ಅಂದ್ರ ಆಕಿ ಯಾರನ್ನ ನೋಡಿ ಕಲೀಬೇಕ್ರಿ?" ಎಂದರು. ನನ್ನ ರಟ್ಟಿನಲ್ಲಿ ಹೂಂ ಇತ್ತು, ಬ್ಯಾಡ ಇರಲಿಲ್ಲ. ಸಿಟ್ಟು ಇರಲಿಲ್ಲ. ಅವರು ಎರಡು ಚೀಟಿ ಕತ್ತರಿಸಿ, ಸ್ಕೆಚ್ ಪೆನ್ನಿನಿಂದ ಬ್ಯಾಡ ಎನ್ನುವ ಒಂದು ಮುಖ, ಸಿಟ್ಟಿನ ಒಂದು ಮುಖ ಬರೆದು, ಒಂದನ್ನು ನನ್ನ 'ನಮಸ್ಕಾರ'ದ ಮೇಲೆ, ಇನ್ನೊಂದನ್ನು 'ಧನ್ಯವಾದ'ದ ಮೇಲೆ ಅಂಟಿಸಿಬಿಟ್ಟರು. ಅಷ್ಟು ಚಂದದ ಧನ್ಯವಾದ!

ಪಡಸಾಲೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ನನ್ನನ್ನು ಕಂಡು ತನ್ನ ಅಕ್ಷರದ ಪಟ್ಟಿ ಎಳೆದುಕೊಂಡಳು. ಯಾ, ವ, ಎಂದು ಒಂದೊಂದಾಗಿ ಮುಟ್ಟಿದಳು. ನಾನು ತಡೆಯಲಾರದೆ "ಶಿಗ್ಗಾವಿ" ಎಂದುಬಿಟ್ಟೆ. "ಪೂರಾ ಆಗ್ಲಿ ಬಿಡ್ರಿ" ಎಂದರು ಮರ್ಸಿ ಟೀಚರ್, "ಮನಸ್ಸಿನ್ಯಾಗ ಇಪ್ಪತ್ತರ ತನಕ ಎಣಸ್ರಿ." ಹುಡುಗಿ ಮತ್ತೆ ಮೊದಲಿನಿಂದ ಹಿಡಿದು, ಊ, ರು ಎಂದು ಮುಗಿಸಿ, ಆಮೇಲೆ ಉತ್ತರಕ್ಕಾಗಿ ನನ್ನ ಮುಖ ನೋಡಿದಳು.

ಆಫ್ರೀನ್ ಮಾತ್ರ ಎರಡು ತಾಸೂ ಸುಮ್ಮನೆ ನೋಡಿದಳು. ಯಾವ ಚಿತ್ರವನ್ನೂ ಮುಟ್ಟಲಿಲ್ಲ. ಹೊರಡುವಾಗ ಇಮಾಮಸಾಬನ ಮುಖ ಸಪ್ಪಗಾಗಿತ್ತು. "ಎಷ್ಟ ದಿನ ಬೇಕಾಗ್ತದ ಅಂತ ಯಾರೂ ಹೇಳಾಂಗಿಲ್ಲಪಾ" ಎಂದರು ಟೀಚರ್, ಅವನ ಹೆಗಲು ತಟ್ಟಿ.

ಮಧ್ಯಾಹ್ನ ಉಣಕಲ್ ಕೆರೆಯ ದಂಡೆಗೆ ಬಂದು ಬುತ್ತಿ ಬಿಚ್ಚಿದೆವು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ನಾನು ರಟ್ಟಿನ ಮೇಲೆ ಮಾತಾಡಲು ಹೊರಟೆ. 'ನಾನು' ಹುಡುಕಿ, 'ಊಟ' ಹುಡುಕಿ, ಇನ್ನೊಂದು ಎಲ್ಲಿದೆ ಎಂದು ತಡಕಾಡಿದೆ. ನಾನೇ ಬರೆದ ರಟ್ಟು ನನಗೇ ಗೊತ್ತಾಗಲಿಲ್ಲ. ಚಟ್ನಿಯ ಕೈ ತಾಗಿ ಎಣ್ಣೆಯ ಕಲೆಯೂ ಆಯಿತು. ಆಫ್ರೀನ್ ಕೇಕೆ ಹಾಕಿ ನಕ್ಕಳು. ಕೆರೆಯ ಗಾಳಿ ತಂಪಾಗಿತ್ತು, ಅರ್ಧ ತಾಸು ಹಾಗೇ ಕುಳಿತೆವು.

ನಾಲ್ಕರ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ರಟ್ಟು ಅವಳ ತೊಡೆಯ ಮೇಲೆ. ವರೂರು ದಾಟಿದ ಮೇಲೆ 'ಶಾಲೆ'ಯನ್ನು ಮುಟ್ಟಿ, "ಸಾಲಿ ಹೆಂಗನಸ್ತದವಾ ನಿನಗ?" ಎಂದೆ. ಕೇಳಿದ ಮೇಲೆ ಹೊಳೆಯಿತು: ಇಷ್ಟು ದಿನ ಅವಳನ್ನು ಕೇಳಿದ್ದೆಲ್ಲ ಉತ್ತರ ನನಗೆ ಮೊದಲೇ ಗೊತ್ತಿದ್ದ ಪ್ರಶ್ನೆಗಳು. ಇದೇನು, ಇದ್ಯಾವ ಬಣ್ಣ. ಇದೊಂದು ನನಗೆ ನಿಜವಾಗಿ ಗೊತ್ತಿರಲಿಲ್ಲ.

ಒಂದು, ಎರಡು ಎಂದು ಎಣಿಸಿದೆ. ಹದಿನಾರಕ್ಕೆ ಅವಳ ಮುಷ್ಟಿ ಅಲುಗಿತು. ಜಾರುತ್ತ ಹೋಗಿ ಸಿಟ್ಟಿನ ಮುಖದ ಮೇಲೆ ನಿಂತಿತು.

ಬಸ್ಸಿನ ಕುಲುಕಾಟವಿರಬೇಕೆಂದು ಮತ್ತೆ ಕೇಳಿದೆ. ಮತ್ತೆ ಸಿಟ್ಟು.

"ಏ ಬೇಟಿ, ಹಂಗ ಅನಬಾರ್ದು!" ಇಮಾಮಸಾಬ ಗಾಬರಿಯಾದ. "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ."

"ಅನ್ಲಿ ಬಿಡೋ ಮಾರಾಯಾ" ಎಂದೆ. "ಯಾರ ಮ್ಯಾಲವಾ ಸಿಟ್ಟು?"

ರಟ್ಟಿನ ಮೇಲೆ ನನ್ನ ಚಿತ್ರವಿರಲಿಲ್ಲ. ಅವಳ ಕೈ ರಟ್ಟು ಬಿಟ್ಟು ಮೇಲೆದ್ದಿತು, ನಡುಗುತ್ತ ಬಂದು ನನ್ನ ತೋಳಿಗೆ ತಾಗಿತು.

ನಾನು ಅತ್ತೆ. ಮುಂದಿನ ಸೀಟಿನವರು ತಿರುಗಿ ನೋಡಿದರು, ನೋಡಲಿ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಖುಷಿಯಾಗಿತ್ತು. ಕಣ್ಣೊರೆಸಿಕೊಂಡು, "ಹಂಗಾರ ನಾಳೆ ಸಾಲಿಗೆ ಬರ್ತೀಯೇನು?" ಎಂದೆ. ಈ ಸಲ ಎಣಿಕೆ ತಪ್ಪಿಹೋಯಿತು. ಮುಷ್ಟಿ 'ಬ್ಯಾಡ'ದ ಹತ್ತಿರ ತಡವರಿಸಿತು, ಅಲ್ಲಿ ನಿಲ್ಲದೆ ಮುಂದೆ ಹೋಯಿತು, 'ಹೂಂ' ಮೇಲೆ ಒತ್ತಿ ನಿಂತಿತು.

ಫಾರ್ಮು ತೆಗೆದು ಮೊಣಕಾಲ ಮೇಲಿಟ್ಟುಕೊಂಡೆ. 'ಮಗುವಿನ ಸ್ಪಂದನೆ' ಎಂಬ ಖಾಲಿ ಜಾಗದಲ್ಲಿ ಬರೆದೆ: ಶಿಕ್ಷಕಿಯ ಮೇಲೆ ಸಿಟ್ಟಿದೆ. ನಾಳೆ ಶಾಲೆಗೆ ಬರುತ್ತಾಳೆ.