ವಾಪಸ್ ಬಂದ ಕಂಬಳಿ

ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ತೆಗೆದ ಕೂಡಲೇ ಕುರಿ ವಾಸನೆ ಬಂತು. ನುಸಿಗುಳಿಗೆ ಹಾಕಿ ಹಾಕಿ ಇಷ್ಟು ವರ್ಷ ಇಟ್ಟಿದ್ದರೂ ಆ ವಾಸನೆ ಹೋಗಿಲ್ಲ. ಉಣ್ಣೆ, ಒಲೆಯ ಹೊಗೆ, ಜೊತೆಗೊಂದಿಷ್ಟು ಬೇವಿನೆಣ್ಣೆ... ನಾನು ಹುಡುಕುತ್ತಿದ್ದದ್ದು ನನ್ನ ತಾಯಿಯ ಹಳೆಯ ಕಾಗದಪತ್ರ. ಅದನ್ನು ಪಕ್ಕಕ್ಕಿಟ್ಟು ಕಂಬಳಿ ತೊಡೆಯ ಮೇಲೆ ಹಾಕಿಕೊಂಡು ಕೂತುಬಿಟ್ಟೆ. ಮಂಡಿ ನೋವಿನವಳು ನೆಲಕ್ಕೆ ಕೂತರೆ ಏಳಲು ಗೋಡೆ ಬೇಕು ಅನ್ನುವುದೂ ಮರೆತುಹೋಗಿತ್ತು.

ಕಂಬಳಿ ನನ್ನದಲ್ಲ. ಜಗಳೂರಿನಲ್ಲಿ ನನ್ನ ಎದುರುಮನೆಯಲ್ಲಿದ್ದ ಅಜ್ಜಿಯದು. ಅದನ್ನು ತಂದು ನನ್ನ ಕೈಗಿಟ್ಟವರು ಅವಳ ಮಗ. ಅವರನ್ನು ನಾನು ಅಣ್ಣ ಅನ್ನುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ನ್ಯಾಮತಿಯವಳು. ಕೆಲಸ ಸಿಕ್ಕಿದ್ದು ಜಗಳೂರಿನ ಶಾಲೆಯಲ್ಲಿ, ಒಂದನೇ ಕ್ಲಾಸಿಗೆ. ಇಪ್ಪತ್ತನಾಲ್ಕು ವರ್ಷ ವಯಸ್ಸು, ಮೂಗಿನ ತುದಿಯಲ್ಲಿ ಕೋಪ, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವ ಚಟ. ಹೆಣ್ಣು ಟೀಚರನ್ನು ಆ ಬೀದಿಯವರು ಅಕ್ಕೋರು ಅನ್ನುತ್ತಿದ್ದರು. ಹಾಗೆ ಕರೆಸಿಕೊಂಡು ನನಗೆ ಎರಡು ಕೋಡು ಮೂಡಿದ್ದವು. ನನ್ನ ಬಾಡಿಗೆ ಕೋಣೆಯ ಬಾಗಿಲು ತೆಗೆದರೆ ಎದುರಿಗೆ ಅಣ್ಣನ ಮನೆ, ಅದಕ್ಕೆ ಅಂಟಿಕೊಂಡು ಮುಳ್ಳುಬೇಲಿಯ ಕುರಿರೊಪ್ಪ. ಮೊದಲ ವಾರ ಮೂಗಿಗೆ ಸೆರಗು ಹಿಡಿದುಕೊಂಡೇ ಓಡಾಡಿದೆ. ಆಮೇಲಾಮೇಲೆ ರಜೆಗೆ ಊರಿಗೆ ಹೋದರೆ ಆ ವಾಸನೆ ಇಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ.

ದೀಪಾವಳಿ ಕಳೆದು ಜಗಳೂರು ಸೀಮೆಯ ಹುಲ್ಲು ಒಣಗಿತೆಂದರೆ ಅಣ್ಣ ಕುರಿ ಹೊಡೆದುಕೊಂಡು ಚನ್ನಗಿರಿ, ಹೊನ್ನಾಳಿ ಕಡೆ ಹೊರಡುತ್ತಿದ್ದರು. ಅಲ್ಲಿ ಕಾಲುವೆ ನೀರಿನ ಗದ್ದೆಗಳು. ಭತ್ತ ಕೊಯ್ದ ಗದ್ದೆಯಲ್ಲಿ ನಾಲ್ಕು ದಿನ ಕುರಿ ತರುಬಿ ರಾತ್ರಿ ಅಲ್ಲೇ ಮಲಗಿಸಿದರೆ ನೆಲಕ್ಕೆ ಗೊಬ್ಬರ, ಗದ್ದೆಯವರು ಕೊಡುವ ಕಾಳು ಅಣ್ಣನಿಗೆ. ಮುಂಗಾರು ಹಿಡಿಯುವ ಹೊತ್ತಿಗೆ ವಾಪಸ್. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಅವರು ಮನೆಯಲ್ಲಿ ಇರುತ್ತಿರಲಿಲ್ಲ. ಅಜ್ಜಿಯೂ ಗಟ್ಟಿಯಾಗಿದ್ದಾಗ ಹಿಂಡಿನ ಹಿಂದೆ ನಡೆದವಳೇ. ಎರಡೂ ಕಣ್ಣು ಹೋದ ಮೇಲೆ ಮನೆಯಲ್ಲಿ ಉಳಿದಳು. ಸೊಸೆ ಇರುವತನಕ ಹೇಗೋ ನಡೆಯಿತು. ಆ ಸೊಸೆ ಜ್ವರ ಬಂದು ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಅಣ್ಣ ಮತ್ತೆ ಮದುವೆಯ ಮಾತೆತ್ತಲಿಲ್ಲ.

ಅಜ್ಜಿ ಹಗಲೆಲ್ಲ ಜಗಲಿಯ ಮೇಲೆ ಈ ಕಂಬಳಿ ಹಾಸಿಕೊಂಡು ಕೂತಿರುತ್ತಿದ್ದಳು. ಚಳಿಯಾದರೆ ಅದನ್ನೇ ಹೊದೆಯುತ್ತಿದ್ದಳು. ಅವರ ಕುರಿಗಳದೇ ಉಣ್ಣೆ, ಅವಳೇ ನೂತ ನೂಲು. ನಿದ್ದೆಯಿಂದ ಎದ್ದ ಕೂಡಲೇ ಕಂಬಳಿಯ ಅಂಚು ಹಿಡಿದು ಮೂಸುವ ಅಭ್ಯಾಸ ಅವಳಿಗೆ. ಒಮ್ಮೆ ನಕ್ಕು ಕೇಳಿದೆ, ಅದೇನು ಅಜ್ಜಿ ಅಂತ. "ಕಣ್ಣಿದ್ದೋರು ಕಣ್ಣು ಬಿಟ್ಟು ನೋಡ್ತೀರಿ. ನಾನು ಇದನ್ನ ಮೂಸಿ, ಮನೇಲಿದೀನಿ ಅಂತ ತಿಳ್ಕಂತೀನಿ ಕಣವ್ವ" ಅಂದಳು.

ಒಂದು ಚಳಿಗಾಲ ಅಣ್ಣ ಹೊನ್ನಾಳಿ ಕಡೆ ಇದ್ದಾಗ ಅಜ್ಜಿ ಒಲೆ ತಡಕಲು ಹೋಗಿ ಕೆಂಡದ ಮೇಲೆ ಕೈಯಿಟ್ಟಳು. ಬೆಳಿಗ್ಗೆ ರೊಟ್ಟಿ ಕೊಟ್ಟು ಹೋಗಿದ್ದೆ. ಶಾಲೆ ಬಿಟ್ಟು ಬರುವಷ್ಟರಲ್ಲಿ ಅಂಗೈ ತುಂಬ ಬೊಬ್ಬೆ. ಸಂಜೆಯವರೆಗೆ ಯಾರನ್ನೂ ಕೂಗಿರಲಿಲ್ಲ. ಸುದ್ದಿ ಕೇಳಿ ಬಂದ ಅಣ್ಣ ಆ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಕೂತರು. ಕುರಿ ಬಿಟ್ಟರೆ ಬದುಕಿಲ್ಲ, ಅವ್ವನನ್ನು ಬಿಟ್ಟು ಹೋದರೆ ಅವಳು ಬದುಕುವುದಿಲ್ಲ. ಮುಂದಿನ ದೀಪಾವಳಿಯೊಳಗೆ ಏನಾದರೂ ಮಾಡಲೇಬೇಕಿತ್ತು.

ಆಶ್ರಮದ ಮಾತು ತೆಗೆದವಳು ನಾನೇ. ಹೆತ್ತವರನ್ನು ಬೇರೆಯವರ ಕೈಗೆ ಒಪ್ಪಿಸುವುದು ಆ ಬೀದಿಯಲ್ಲಿ ಯಾರೂ ಕೇಳಿರದ ಸಂಗತಿ. ಅಕ್ಕಪಕ್ಕದವರು ಮುಖ ಸಿಂಡರಿಸಿದರು. ಮುಖ ಸಿಂಡರಿಸಿದ ಯಾರೂ ಅಜ್ಜಿಗೆ ಒಂದು ತಂಬಿಗೆ ನೀರು ಕಾಯಿಸಿ ಕೊಟ್ಟವರಲ್ಲ ಬಿಡಿ. ಅಣ್ಣ ಮಾತ್ರ ಎರಡು ದಿನ ಯೋಚಿಸಿ ನನ್ನ ಬಾಗಿಲಿಗೆ ಬಂದರು. "ನೀವು ಜೊತೀಗ್ ಬಂದು ನೋಡ್ರಿ ಅಕ್ಕೋರೆ. ನನಗೆ ಕುರಿ ನೋಡಾಕೆ ಬರ್ತೈತೆ, ಇಂಥವೆಲ್ಲ ತಿಳಿಯಲ್ಲ" ಅಂದರು.

ಅವರಿಗೆ ತಿಳಿಯುತ್ತಿತ್ತು. ತಿಳಿಯದೆ ಇದ್ದದ್ದು ನನಗೆ.

ಎರಡು ಜಾಗ ನೋಡಿದೆವು. ಎರಡೂ ಅವರು ಕುರಿ ತರುಬುವ ಸೀಮೆಯಲ್ಲೇ ಇದ್ದದ್ದರಿಂದ ವಾರಕ್ಕೊಮ್ಮೆಯಾದರೂ ಹೋಗಿ ಬರಬಹುದಿತ್ತು. ಮೊದಲನೆಯದು ಹೊನ್ನಾಳಿಯಲ್ಲಿ, ಹೊಳೆಗೆ ಹತ್ತಿರ, ಹಳೆಯ ಧರ್ಮಛತ್ರ. ದಿಕ್ಕಿಲ್ಲದ ಹತ್ತು ಹದಿನೈದು ಮುದುಕರು ಅಲ್ಲಿ ತಾವೇ ಬೇಯಿಸಿಕೊಂಡು ಇದ್ದರು. ಮಸಿ ಹಿಡಿದ ಗೋಡೆ, ಮಣ್ಣಿನ ನೆಲ, ಅಂಗಳದಲ್ಲಿ ಎರಡು ಮೇಕೆ, ಒಂದೇ ಸಮ ಗಲಾಟೆ. ಇಬ್ಬರು ಮುದುಕಿಯರು ಉಪ್ಪು ಜಾಸ್ತಿ ಹಾಕಿದ್ದು ಯಾರು ಅಂತ ಕೈ ಬೀಸಿಕೊಂಡು ಜಗಳ ಆಡುತ್ತಿದ್ದರು. ನಾನು ಹೋಗಿ ಬಚ್ಚಲು ನೋಡಿದೆ, ಬಾವಿ ನೋಡಿದೆ, ಬಾವಿಗೆ ಮೊಣಕಾಲೆತ್ತರದ ಕಟ್ಟೆ ಇರುವುದನ್ನು ನೋಡಿದೆ. ಅಣ್ಣ ಏನನ್ನೂ ನೋಡದೆ ಕಂಬಕ್ಕೆ ಒರಗಿ ಊಟದ ಹೊತ್ತಿಗೆ ಕಾದರು. ಸಾಲಿನ ಕಡೆಯಲ್ಲಿ ಕೈ ನಡುಗುವ ಒಬ್ಬ ಮುದುಕ ಕೂತಿದ್ದ. ಪಕ್ಕದವಳು ತನ್ನ ಊಟ ನಿಲ್ಲಿಸಿ, ಅವನ ಮುದ್ದೆ ಮುರಿದು ಸಾರಿಗೆ ಅದ್ದಿ ಅವನ ಬಾಯಿಗೆ ಇಟ್ಟಳು. ಬೈಯುತ್ತಲೇ ಇಟ್ಟಳು.

"ಇಲ್ಲೇ ಸಾಕು ಅಕ್ಕೋರೆ" ಅಂದರು ಅಣ್ಣ.

"ಏನ್ ಸಾಕು? ಕಣ್ಣಿಲ್ಲದವರಿಗೆ ಇಂಥ ಬಾವಿ ಇರೋ ಜಾಗನಾ?" ಅಂತ ರೇಗಿದೆ.

"ಹಿಂಡು ನೋಡಾಕೆ ಹೋದ್ರೆ ನಾನು ಕಡೇಲಿ ಬರೋ ಕುರೀನೆ ನೋಡೋದು. ಅದು ಹೆಂಗೈತೆ ಅಂತ ನೋಡಿದ್ರೆ ಕಾಯೋರು ಹೆಂಗೆ ಅಂತ ಗೊತ್ತಾಗ್ತೈತೆ" ಅಂದರು. ಕುರಿ ಬೇರೆ ಮನುಷ್ಯರು ಬೇರೆ ಅಂತ ನಾನು ಒಂದು ಸಣ್ಣ ಪಾಠವನ್ನೇ ಮಾಡಿದೆ.

ಎರಡನೆಯದು ಚನ್ನಗಿರಿ ಕಡೆ, ಯಾರೋ ಉಳ್ಳವರು ಹೊಸದಾಗಿ ಕಟ್ಟಿಸಿದ ಆಶ್ರಮ. ಸುಣ್ಣ ಬಳಿದ ಗೋಡೆ, ಸಿಮೆಂಟು ನೆಲ, ಸಾಲಾಗಿ ಕಬ್ಬಿಣದ ಮಂಚ, ಮಂಚಕ್ಕೊಂದು ನಂಬರು. ವಾರಕ್ಕೊಮ್ಮೆ ಡಾಕ್ಟರು ಬರುತ್ತಿದ್ದರು. ಎಲ್ಲೆಲ್ಲೂ ಫಿನಾಯಿಲಿನ ವಾಸನೆ. ಊಟದ ಹೊತ್ತಿಗೆ ಅವರವರ ಮಂಚಕ್ಕೆ ತಟ್ಟೆ ಬಂತು. ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಣ್ಣ ನನ್ನ ಕಿವಿಯ ಹತ್ತಿರ ಬಂದು, "ಇವ್ರು ಯಾಕೆ ಮಾತಾಡಲ್ಲ?" ಅಂದರು. ಅದು ಶಿಸ್ತು ಅಂದೆ. ಮಾತಾಡದ ಕ್ಲಾಸೇ ಒಳ್ಳೆಯ ಕ್ಲಾಸು ಅಂತ ನಂಬಿದ್ದವಳು ನಾನು. ಇನ್ನೇನು ಹೇಳಿಯೇನು?

ಅಣ್ಣ ತಲೆ ಕೆರೆದುಕೊಂಡು, "ನೀವು ಓದಿದೋರು" ಅಂದರು. ಅಲ್ಲಿಗೆ ತೀರ್ಮಾನವಾಯಿತು.

ಅಜ್ಜಿಯನ್ನು ಬಿಡಲು ಹೋದ ದಿನ ದೀಪಾವಳಿ ಕಳೆದು ವಾರವಾಗಿತ್ತು. ಭಾನುವಾರ, ನಾನೂ ಹೋಗಿದ್ದೆ. ಹಿಂಡನ್ನು ಜೊತೆಗಾರ ಮೊದಲೇ ಆ ಕಡೆ ಹೊಡೆದುಕೊಂಡು ಹೋಗಿದ್ದ. ಬಸ್ಸಿನಲ್ಲಿ ಅಜ್ಜಿ ಖುಷಿಯಾಗಿದ್ದಳು. ಮಗ ಹತ್ತಿರವೇ ಕುರಿ ತರುಬುತ್ತಾನೆ ಅನ್ನುವುದಷ್ಟೇ ಅವಳ ತಲೆಯಲ್ಲಿ ಇದ್ದದ್ದು. ಮಂಚ ತೋರಿಸಿದರು, ಸೀರೆ ಕೊಟ್ಟರು. ಅಲ್ಲಿಯ ಮೇಲ್ವಿಚಾರಕಿ ಕೆಟ್ಟವರೇನಲ್ಲ. ಮೆತ್ತಗಿನ ದನಿಯಲ್ಲೇ, "ಕಂಬಳಿ ಒಳಗೆ ಬೇಡಮ್ಮ, ಹೇನು ಆಗ್ತವೆ. ನಾವು ಹೊದಿಕೆ ಕೊಡ್ತೀವಿ" ಅಂದರು. ಅಜ್ಜಿ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಅವಳ ಬೆರಳು ಒಂದೊಂದಾಗಿ ಬಿಡಿಸಿದವಳು ನಾನು. ಮಕ್ಕಳ ಕೈಯಿಂದ ಬಳಪ ಬಿಡಿಸಿ ಅಭ್ಯಾಸವಿತ್ತಲ್ಲ. ಸುಟ್ಟ ಅಂಗೈಯ ಚರ್ಮ ನುಣ್ಣಗಿತ್ತು. ಕಂಬಳಿ ಮಡಿಸಿ ಅಣ್ಣನ ಕೈಗೆ ಕೊಟ್ಟೆ.

ಇಲ್ಲೊಂದು ಮಾತು ಹೇಳಬೇಕು. ಕುರಿ ಮಾರುವಾಗ ಅಣ್ಣ ಅದರ ಕೊರಳಿನ ಹಗ್ಗವನ್ನು ಕೊಡುತ್ತಿರಲಿಲ್ಲ. ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ನಮ್ಮ ಕಡೆ ದನ ಮಾರುವವರೂ ಹಾಗೇ. ಹಗ್ಗವೂ ಹೋದರೆ ಹಟ್ಟಿಯ ಭಾಗ್ಯ ಅದರ ಜೊತೆ ಹೋಗುತ್ತದೆ ಅನ್ನುವ ನಂಬಿಕೆ. ಮಾರಿದ ಕುರಿಗಳ ಹಗ್ಗಗಳನ್ನೆಲ್ಲ ಸುತ್ತಿ ಅಣ್ಣ ಮನೆಯ ಗೂಟಕ್ಕೆ ನೇತು ಹಾಕಿರುತ್ತಿದ್ದರು.

ಗೇಟು ದಾಟಿ ರಸ್ತೆಗೆ ಬಂದೆವು. ಅಣ್ಣ ನಿಂತರು. ಕೈಯಲ್ಲಿದ್ದ ಕಂಬಳಿಯನ್ನೇ ನೋಡುತ್ತ, "ಅಕ್ಕೋರೆ, ಅವ್ವನ್ನ ಮಾರಿ ಹಗ್ಗ ಬಿಚ್ಕಂಡು ಬಂದಂಗಾತು" ಅಂದರು.

ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಹಂಗೆಲ್ಲ ಅನ್ಬೇಡಿ ಅಣ್ಣ, ಅಲ್ಲಿಯ ರೂಲ್ಸು" ಅಂದೆ. ಹಿಂದಕ್ಕೆ ಹೋಗಿ ಕರೆದುಕೊಂಡು ಬರೋಣ ನಡೀರಿ ಅಂದಿದ್ದರೆ ಐವತ್ತು ಹೆಜ್ಜೆ ದೂರ. ಬಸ್ಸು ಬಂತು. ನಾನು ಹತ್ತಿದೆ. ಅವರು ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಮಂದೆಯ ಕಡೆ ನಡೆದರು.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಅಣ್ಣ ಶಾಲೆಯ ಬಾಗಿಲಿಗೇ ಬಂದರು. ಕುರಿಗಳನ್ನು ಜೊತೆಗಾರನಿಗೆ ಒಪ್ಪಿಸಿ ಎರಡು ಬಸ್ಸು ಬದಲಿಸಿ ಬಂದಿದ್ದರು. ಅಜ್ಜಿ ಸರಿಯಾಗಿ ಉಣ್ಣುತ್ತಿಲ್ಲ. ಎದ್ದ ಕೂಡಲೇ ಹೊದಿಕೆ ಮೂಸಿ, ಇದು ಯಾರ ಮನೆ, ನನ್ನನ್ನು ಯಾಕೆ ಇಲ್ಲಿ ಕೂರಿಸಿದ್ದೀರಿ ಅನ್ನುತ್ತಾಳೆ. ಪ್ರತಿ ಸಲ ಹೇಳಿದರೂ ಪ್ರತಿ ಸಲ ಕೇಳುತ್ತಾಳೆ. ಅಣ್ಣ ಎರಡು ಸಲ ಕಂಬಳಿ ಒಯ್ದಿದ್ದರು, ಎರಡು ಸಲವೂ ಆಶ್ರಮದವರು ವಾಪಸ್ ಕೊಟ್ಟಿದ್ದರು.

"ಕರ್ಕಂಡು ಬಂದ್ಬಿಡ್ಲಾ? ಸಾಮಾನು ಹೊರೋ ಕತ್ತೆ ಮ್ಯಾಲೆ ಕೂರಿಸ್ಕಂಡು ಮಂದೆ ಜೊತೀಗೆ ಇಟ್ಕಂತೀನಿ. ಹೆಂಗೋ ಆಗ್ತೈತೆ" ಅಂದರು.

ನನ್ನ ಹಿಂದೆ ಕ್ಲಾಸಿನಲ್ಲಿ ಮಕ್ಕಳು ಕಾಗುಣಿತ ಕೂಗುತ್ತಿದ್ದವು. ಅವುಗಳ ಕಡೆ ಕೈ ತೋರಿಸಿ ಹೇಳಿದೆ, "ನೋಡಿ ಅಣ್ಣ, ಇವೂ ಮೊದಲ ತಿಂಗಳು ಮನೆಗೆ ಹೋಗ್ತೀನಿ ಅಂತ ಅತ್ತಿದ್ದೇ ಅತ್ತಿದ್ದು. ಈಗ ನೋಡಿ. ಇನ್ನೊಂದು ತಿಂಗಳು ತಡೀರಿ, ಅಭ್ಯಾಸ ಆಗ್ತದೆ."

ಅಣ್ಣ ಆ ಮಕ್ಕಳ ಕಡೆ ನೋಡಿದರು. ಆಮೇಲೆ ತಲೆಯಾಡಿಸಿ ಬಸ್‌ಸ್ಟ್ಯಾಂಡಿಗೆ ಹೋದರು. ನನ್ನ ಮಾತು ಕೇಳಿದರಲ್ಲ ಅಂತ ನನಗೆ ಸಮಾಧಾನವಾಗಿತ್ತು... ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಮಕ್ಕಳು ಸಂಜೆ ಗಂಟೆ ಹೊಡೆದರೆ ಮನೆಗೆ ಹೋಗುತ್ತವೆ. ಅಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ.

ಇನ್ನೊಂದು ತಿಂಗಳು ತುಂಬಲಿಲ್ಲ. ಪುಷ್ಯದ ಚಳಿ. ಅಜ್ಜಿ ಆಶ್ರಮದಲ್ಲೇ ಹೋದಳು. ಸುದ್ದಿ ಮುಟ್ಟಿದಾಗ ಅಣ್ಣ ಮಂದೆಯಿಂದ ಓಡಿದ್ದಾರೆ. ಯಾರದೋ ವ್ಯಾನಿನಲ್ಲಿ ಜಗಳೂರಿಗೆ ತಂದರು. ಅಜ್ಜಿಯ ಮೇಲೆ ಇದ್ದದ್ದು ನಂಬರು ಹಾಕಿದ ಬಿಳಿ ಹತ್ತಿಯ ಹೊದಿಕೆ. ಕಂಬಳಿ ಕುರಿಗಳ ಹತ್ತಿರವೇ ಉಳಿದುಬಿಟ್ಟಿತ್ತು. ಅದಿಲ್ಲದೆಯೇ ಅವಳನ್ನು ಮಣ್ಣು ಮಾಡಿದರು.

ಮುಂಗಾರಿನ ಹೊತ್ತಿಗೆ ಹಿಂಡು ಊರಿಗೆ ಬಂದಾಗ ಅಣ್ಣ ಕಂಬಳಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಬೈಯಲಿ ಅಂತ ಕಾದೆ. ಬೈದಿದ್ದರೆ ಅವರ ಕಾಲು ಹಿಡಿಯಬಹುದಿತ್ತು. "ಇದು ನಿಮ್ಮತ್ರ ಇರ್ಲಿ ಅಕ್ಕೋರೆ. ಮನೇಲಿ ಹಗ್ಗದ ಗೂಟಕ್ಕೆ ನೇತಾಕಾಕೆ ನನಗೆ ಮನಸು ಬರ್ತಿಲ್ಲ" ಅಂದರು. ಅಷ್ಟೇ. ನಾನು ತಪ್ಪಾಯಿತು ಅಂದೆನೋ, ಅನ್ನಬೇಕು ಅಂದುಕೊಂಡೆನೋ... ಈಗ ನೆನಪಿಲ್ಲ. ಅಂದಿರಲಿಕ್ಕಿಲ್ಲ. ಆಗ ನನ್ನ ಬಾಯಿಗೆ ಆ ಮಾತಿನ ರೂಢಿ ಇರಲಿಲ್ಲ.

ಮುಂದಿನ ವರ್ಷ ನನಗೆ ಹೊನ್ನಾಳಿ ಕಡೆಗೇ ವರ್ಗವಾಯಿತು. ಕೊಯ್ಲಾದ ಗದ್ದೆಯಲ್ಲಿ ಕುರಿ ಕಂಡಾಗಲೆಲ್ಲ ಬಸ್ಸಿನ ಕಿಟಕಿಯಿಂದ ಹುಡುಕುತ್ತಿದ್ದೆ. ಒಂದು ಸಲ ಕಂಡರು. ಕೋಲಿಗೆ ಗದ್ದ ಊರಿ ನಿಂತಿದ್ದರು, ಹಿಂಡಿನ ಕಡೆಯಲ್ಲಿ. ನಾನು ಇಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ, ಜಗಳೂರಿನ ಹತ್ತಿರದ ಬಿಳಿಚೋಡಿನ ಕಡೆಯವರು ಯಾರೋ ಅಣ್ಣ ತೀರಿಕೊಂಡರು ಅಂತ ಹೇಳಿದರು. ಹೇಗೆ, ಯಾರ ಮನೆಯಲ್ಲಿ ಅಂತ ಕೇಳಲು ಧೈರ್ಯ ಬರಲಿಲ್ಲ.

ಈಗ ನನ್ನ ತಾಯಿಗೆ ಎಂಬತ್ತೆಂಟು. ಈ ವರ್ಷ ಎರಡು ಸಲ ಬಿದ್ದಿದ್ದಾಳೆ. ಅವಳನ್ನು ಎತ್ತಲು ಹೋಗಿ ಒಂದು ಸಲ ನಾನೂ ಬಿದ್ದೆ. ಕಳೆದ ವಾರ ಎರಡು ಜಾಗ ನೋಡಿ ಬಂದೆ. ಎರಡೂ ಕಡೆ ಊಟದ ಹೊತ್ತಿಗೇ ಹೋಗಿ ಕಡೆಯಲ್ಲಿ ಕೂತವರನ್ನು ನೋಡಿದೆ. ಕಡೆಯಲ್ಲಿ ಕೂತವರು ಎರಡು ಕಡೆಯೂ ಗೋಡೆ ನೋಡುತ್ತಿದ್ದರು. ಅಣ್ಣ ಇದ್ದಿದ್ದರೆ ಈಗ ನಾನು ಅವರ ಬಾಗಿಲಿಗೆ ಹೋಗಿ, ಜೊತೆಗೆ ಬಂದು ನೋಡಿ ಅನ್ನುತ್ತಿದ್ದೆ. ಒಂದು ಜಾಗದ ಅರ್ಜಿ ಮೇಜಿನ ಮೇಲಿದೆ. ತರಬಾರದ ಸಾಮಾನುಗಳ ಪಟ್ಟಿಯಲ್ಲಿ ಮನೆಯ ಹೊದಿಕೆಯೂ ಇದೆ. ಸಹಿ ಹಾಕಿಲ್ಲ. ಹಾಕದೆ ಎಷ್ಟು ದಿನ ತಳ್ಳುತ್ತೇನೋ ಗೊತ್ತಿಲ್ಲ.

ಕೋಣೆಯ ಒಳಗಿನಿಂದ ಅಮ್ಮ ಕೂಗಿದಳು. "ಏನೇ ಅದು, ಕುರಿ ವಾಸ್ನೆ ಬರ್ತೈತೆ?"

ಗೋಡೆ ಹಿಡಿದು ಎದ್ದು, ಕಂಬಳಿ ಒಯ್ದು ಅವಳ ಕಾಲ ಮೇಲೆ ಹಾಕಿದೆ. ಜಗಳೂರಿನಲ್ಲಿ ಎದುರುಮನೆಯಲ್ಲಿದ್ದ ಅಜ್ಜಿಯದು ಅಂದೆ. ಅಮ್ಮ ಅಂಚು ಹಿಡಿದು, ತಿರುವಿ, ಉಣ್ಣೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು.

"ಇಷ್ಟು ವರ್ಷ ನೀನೇ ಇಟ್ಕಂಡೀಯಲ್ಲೇ. ಪಾಪ, ಆಯಮ್ಮಂಗೆ ಚಳಿ ಆಗಿರ್ಬೇಕು."

"ಹೂಂನಮ್ಮ, ಆಗಿತ್ತು" ಅಂದೆ.