ಬಾಗಿಲ ಮುಂದಿನ ಮೆಂದಿ ಗಿಡ

ನಾನು ಬೀಳಗಿಯವಳು. ತವರು ಮನೆಯ ಮುಂದೆ ಒಂದು ಬೇವಿನ ಮರವಿತ್ತು. ಅದನ್ನು ಯಾರೂ ನೆಟ್ಟಿರಲಿಲ್ಲ, ಯಾರೂ ನೀರು ಹಾಕುತ್ತಿರಲಿಲ್ಲ, ಅದೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಗಿಡಕ್ಕೂ ಕಾಲಕಾಲಕ್ಕೆ ಆರೈಕೆ ಬೇಕು, ಅದರ ಸಲುವಾಗಿ ಗಂಡ ಹೆಂಡತಿ ಮಾತು ಬಿಡುವುದೂ ಉಂಟು ಎಂದು ನನಗೆ ತಿಳಿದದ್ದು ಬನಹಟ್ಟಿಗೆ ಸೊಸೆಯಾಗಿ ಬಂದ ಮೇಲೆ. ಸಂಸ್ಥಾನಗಳು ಮುಗಿದು ನಮ್ಮ ಸೀಮೆಯವರೆಲ್ಲ ಮುಂಬಯಿ ರಾಜ್ಯದವರಾಗಿದ್ದ ಕಾಲ ಅದು.

ಮಾವನವರದು ನೇಕಾರರ ಮನೆ. ಒಳಗೆ ಮಗ್ಗಗಳು, ಹೊರಗೆ ಅಂಗಳದಲ್ಲಿ ಅತ್ತೆಯವರ ಪೂಜೆಯ ಹೂವಿನ ಗಿಡಗಳು. ಕಣಗಿಲ, ದಾಸವಾಳ, ಒಂದು ದೊಡ್ಡ ಮಲ್ಲಿಗೆ ಪೊದೆ, ಬೇಲಿಗುಂಟ ಮೆಂದಿ, ಅಂದರೆ ಅಂಗೈಗೆ ಹಚ್ಚುವ ಮದರಂಗಿ. ಅವೆಲ್ಲ ತಮಗೆ ತಿಳಿದಂತೆ ಬೆಳೆದುಕೊಂಡಿದ್ದವು. ಹೀಗಿರುವಾಗ ಮಾವನವರು ಸೀರೆ ಮಾರಲು ಪುಣೆಗೆ ಹೋದವರು ಯಾರದೋ ಬಂಗಲೆಯ ತೋಟ ನೋಡಿ ಬಂದರು. ಬರುವಾಗ ಧೋತರದಲ್ಲಿ ಸುತ್ತಿಕೊಂಡು ಮೊಳದುದ್ದದ ಒಂದು ಕತ್ತರಿಯನ್ನೂ ತಂದರು.

ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು, "ಇದರಿಂದ ಯಾವ ನೂಲು ಕತ್ತರಸಾವ್ರು?"

"ನೂಲಲ್ಲ, ಗಿಡ. ಅಲ್ಲಿ ಗಿಡಕ್ಕೂ ಕ್ಷೌರಾ ಮಾಡ್ತಾರ" ಎಂದರು ಮಾವ.

ಬಂಗಲೆಯ ಮಾಲಿಯಿಂದ ಅವರು ಪಾಠವನ್ನೂ ಹೇಳಿಸಿಕೊಂಡು ಬಂದಿದ್ದರು. ಬೇಲಿಯನ್ನು ಮಳೆಗಾಲದಲ್ಲಿ ಕತ್ತರಿಸಬೇಕು, ಮಲ್ಲಿಗೆಯನ್ನು ಥಂಡಿಯಲ್ಲಿ ಕತ್ತರಿಸಬೇಕು, ಬೇಸಿಗೆಯಲ್ಲಿ ಯಾವುದನ್ನೂ ಮುಟ್ಟಬಾರದು. ದೀಪಾವಳಿ ಮುಗಿದು ಚಳಿ ಬಿದ್ದಾಗ ಅವರು ಮಲ್ಲಿಗೆ ಪೊದೆಗೆ ನೀರು ನಿಲ್ಲಿಸಿದರು. ಎಲೆ ಉದುರತೊಡಗಿತು. ಒಂದು ದಿನ ಅತ್ತೆ ನೀರು ತರಲು ಹೋಗಿದ್ದಾಗ ಅದನ್ನು ಮೊಳಕಾಲೆತ್ತರಕ್ಕೆ ಕತ್ತರಿಸಿ, ಬುಡ ಅಗೆದು, ಗೊಬ್ಬರ ಹಾಕಿ, ಕಟ್ಟೆಯ ಮೇಲೆ ಸಮಾಧಾನದಿಂದ ಕೂತರು.

ಅತ್ತೆ ಕೊಡ ಹೊತ್ತು ಬಂದರು. ಪೊದೆ ಇದ್ದ ಕಡೆ ಬರೀ ಕಡ್ಡಿಗಳು ನಿಂತಿದ್ದವು. ಅವರು ಕೊಡ ಇಳಿಸಲೂ ಇಲ್ಲ, ಬೈಯಲೂ ಇಲ್ಲ. ನನ್ನ ಕಡೆ ತಿರುಗಿ ಹೇಳಿದರು, "ನಿಮ್ಮ ಮಾವಗ ಹೇಳಬೇ, ರೊಟ್ಟಿ ಆಗ್ಯಾವ ಅಂತ."

ಮಾವ ಮೂರು ಹೆಜ್ಜೆ ದೂರದಲ್ಲೇ ಕೂತಿದ್ದರು. ಆದರೂ ನಾನು ಹೇಳಿದೆ. ಅವರೂ ನನ್ನ ಕಡೆಯಿಂದಲೇ ಉತ್ತರ ಕಳಿಸಿದರು. ಆ ಚಳಿಗಾಲವೆಲ್ಲ ಮನೆಯ ಮಾತುಕತೆ ಹೀಗೆ ನನ್ನ ಮೂಲಕವೇ ನಡೆಯಿತು. ಸಾರಿಗೆ ಉಪ್ಪು ಕಡಿಮೆಯಾದರೂ ನಾನೇ ಇಬ್ಬರ ನಡುವೆ ಓಡಾಡಬೇಕಿತ್ತು.

ಬಿಸಿಲು ಏರಿತು, ಮಾವ ಮತ್ತೆ ನೀರು ಬಿಟ್ಟರು. ಯುಗಾದಿಯ ಹೊತ್ತಿಗೆ ಆ ಕಡ್ಡಿಗಳೆಲ್ಲ ಚಿಗುರಿ ಪೊದೆ ಮೊಗ್ಗಿನಿಂದ ಬೆಳ್ಳಗಾಯಿತು. ದೇವರಿಗೆ ಏರಿಸಿ, ನಮಗೆಲ್ಲ ಮುಡಿಸಿ, ಓಣಿಗೆ ಹಂಚಿದರೂ ಹೂವು ಉಳಿಯುತ್ತಿತ್ತು. ಅತ್ತೆ ಮಾಲೆ ಕಟ್ಟುತ್ತ ಯಾರಿಗೂ ಅಲ್ಲದಂತೆ ಅಂದರು, "ಈ ವರ್ಷ ಬಿಸಲ ಛಲೋ ಬಿದ್ದೈತಿ." ಮಾವನವರಿಗೆ ಅಷ್ಟೇ ಸಾಕಾಯಿತು. ಆವತ್ತಿನಿಂದ ಅವರು ತಮ್ಮನ್ನು ಪೂರಾ ಮಾಲಿ ಎಂದೇ ತಿಳಿದುಕೊಂಡರು.

ಆ ವರ್ಷ ನನ್ನ ನಾದಿನಿಯನ್ನು ನೋಡಲು ಮುಧೋಳದಿಂದ ಬೀಗರಾಗುವವರು ದಸರೆಯ ಹೊತ್ತಿಗೆ ಬರುತ್ತೇವೆಂದು ಹೇಳಿಕಳಿಸಿದರು. ಬಾಗಿಲ ಪಕ್ಕದ ಮೆಂದಿ ಗಿಡವನ್ನು ನವಿಲು ಮಾಡಬೇಕು ಎಂದು ಮಾವ ನಿಶ್ಚಯಿಸಿದರು. ಮುಂಗಾರಿನ ಮಿರಗದ ಮಳೆಯಿಂದ ಹಿಡಿದು ದಸರೆಯವರೆಗೆ ಅದನ್ನು ಮುಟ್ಟದೆ ಬೆಳೆಯಗೊಟ್ಟರು. ನೆಂಟರು ಬರುವ ದಿನ ಬೆಳಿಗ್ಗೆ ಕತ್ತರಿ ಹಿಡಿದು ನಿಂತರು. ಬಿದ್ದ ಕಡ್ಡಿ ಆರಿಸಲು ನಾನು ಬುಟ್ಟಿ ಹಿಡಿದು ಹಿಂದೆ ನಿಂತೆ.

ಮೊದಲು ನವಿಲಿನ ಬಾಲ ಬಂತು. ಕುತ್ತಿಗೆಯೂ ಬಂತು, ನೋಡಿದರೆ ನಿಜಕ್ಕೂ ನವಿಲೇ. ಆದರೆ ಕುತ್ತಿಗೆ ಕೊಂಚ ದಪ್ಪವೆನಿಸಿ ಇನ್ನೊಮ್ಮೆ ಕತ್ತರಿ ಆಡಿಸಿದರು. ತಲೆ ನನ್ನ ಬುಟ್ಟಿಗೇ ಬಿತ್ತು.

ಮಾವ ಬುಟ್ಟಿಯೊಳಗೆ ಇಣುಕಿ ನೋಡಿ, "ಕೋಳಿ ಮಾಡಿದ್ರಾತು" ಎಂದರು.

ಕೋಳಿಗೆ ಬಾಲ ಹೆಚ್ಚಾಯಿತು. ಬಾಲ ತೆಗೆದರೆ ಎದೆ ಮುಂದೆ ಬಂತು. ಎದೆ ತೆಗೆದರೆ ಎಡಗಡೆ ಜೋತುಬಿದ್ದಂತೆ ಕಂಡಿತು. ಎಡಕ್ಕೆ ಸರಿ ಮಾಡಿದರೆ ಬಲಕ್ಕೆ, ಬಲಕ್ಕೆ ಮಾಡಿದರೆ ಎಡಕ್ಕೆ. ನಾದಿನಿ ಹೊಸ ಸೀರೆ ಉಟ್ಟು ಬಾಗಿಲಿಗೆ ಬಂದು ಕೇಳಿದಳು, "ಅಪ್ಪಾ, ಅದೇನದು?"

"ಇನ್ನೂ ಆಗಿಲ್ಲ. ಒಳಗ ನಡೀ."

ಮೋಟಾರು ಇಳಿದು ನೆಂಟರು ಓಣಿ ಹೊಕ್ಕರೆಂದು ಸುದ್ದಿ ಬರುವ ಹೊತ್ತಿಗೆ ಉಳಿದದ್ದು ಸೊಂಟದೆತ್ತರದ ಒಂದು ಗುಂಡನೆಯ ಹಸಿರು ಮುದ್ದೆ. ತಲೆ ನುಣ್ಣಗೆ, ಕೆಳಗೆ ನೀರು ನಿಲ್ಲಲು ಹಾಕಿದ ಮಣ್ಣಿನ ಕಟ್ಟೆ ಅಗಲವಾಗಿ. ಮಾವ ಕತ್ತರಿಯನ್ನು ಕಣಗಿಲದ ಹಿಂದೆ ಅಡಗಿಸಿ ರುಮಾಲು ಸರಿ ಮಾಡಿಕೊಂಡರು.

ನೆಂಟರಲ್ಲಿ ಮುಂದೆ ಬಂದವರು ಹುಡುಗನ ಅಜ್ಜ. ಕಣ್ಣಿಗೆ ಪೊರೆ ಬಂದಿತ್ತು, ಆ ಹುಡುಗನದೇ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ಬಾಗಿಲ ಬಳಿ ಗಕ್ಕನೆ ನಿಂತರು. ಚಪ್ಪಲಿ ಬಿಟ್ಟರು. ಗಿಡದ ಕಡೆ ತಿರುಗಿ ಎರಡೂ ಕೈ ಮುಗಿದರು.

"ಯಾವ ಕಾಲದ ಲಿಂಗಪ್ಪ ಇದು, ಯಜಮಾನ್ರ?"

ಮಾವ ರುಮಾಲನ್ನು ಇನ್ನೊಮ್ಮೆ ಸರಿ ಮಾಡಿಕೊಂಡರು. ಅತ್ತೆ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಂದರು. ಅಜ್ಜ ಅದನ್ನು ಅವರ ಕೈಯಿಂದ ತೆಗೆದುಕೊಂಡು ಗಿಡದ ನೆತ್ತಿಗೆ ಸುರಿದರು. ಸೊಂಟದ ಚೀಲದಿಂದ ವಿಭೂತಿ ತೆಗೆದು, ಎಲೆಗಳನ್ನು ಯಾರೋ ಏರಿಸಿದ ಪತ್ರಿ ಎಂದುಕೊಂಡರೋ ಏನೋ, ಅವುಗಳ ಮೇಲೇ ಬೆರಳೆಳೆದರು. "ಬಾಗಲದಾಗ ಶಿವನ್ನ ಇಟ್ಕೊಂಡ ಮನಿ. ಇಲ್ಲಿ ಇನ್ನೇನ ವಿಚಾರ ಮಾಡೋದೈತಿ" ಎಂದರು.

ಹುಡುಗನಿಗೆ ಕಣ್ಣು ಚೆನ್ನಾಗಿತ್ತು. ಅವನು ಶಲ್ಯದ ತುದಿಯನ್ನು ಬಾಯಿಗೊತ್ತಿ ಆಕಾಶ ನೋಡಿದ. ಬಾಗಿಲ ಸಂದಿಯಲ್ಲಿ ನಿಂತಿದ್ದ ನಾದಿನಿ ಸೆರಗನ್ನು ಬಾಯಿಗೊತ್ತಿದ್ದಳು. ಹುಡುಗಿ ನೋಡುವ ಶಾಸ್ತ್ರ ಒಳಗೆ ಆಮೇಲೆ ನಡೆಯಿತು, ಆದರೆ ಅವರಿಬ್ಬರೂ ಒಪ್ಪಿಕೊಂಡದ್ದು ಅಲ್ಲಿಯೇ ಎಂದು ನನಗೆ ಈಗಲೂ ಅನಿಸುತ್ತದೆ.

ಮದುವೆ ಗಟ್ಟಿಯಾಯಿತು. ತೊಂದರೆ ಶುರುವಾದದ್ದು ಆಮೇಲೆ. ಅತ್ತೆ ದಿನಾ ಸ್ನಾನವಾದ ಮೇಲೆ ಗಿಡಕ್ಕೆ ಒಂದು ತಂಬಿಗೆ ನೀರು ಹಾಕತೊಡಗಿದರು. ನೀರು ಬಿದ್ದಂತೆ ಮೆಂದಿ ಚಿಗುರಿತು, ನುಣ್ಣನೆಯ ನೆತ್ತಿಯ ಮೇಲೆ ಕೂದಲೆದ್ದಂತಾಯಿತು. ಮಾವ ಕತ್ತರಿ ತಂದರೆ ಅತ್ತೆ ಅಡ್ಡ ನಿಂತರು.

"ದೇವರ ತಲೀ ಮ್ಯಾಲ ಕತ್ರಿ ಆಡಸ್ತೀರೇನು?"

"ಅದು ಮೆಂದಿ ಗಿಡಲೇ. ನಿನಗೂ ಗೊತ್ತೈತಿ."

"ನನಗ ಗೊತ್ತೈತ್ರಿ. ನೀರ ಬಿದ್ದ ಮ್ಯಾಲ ತಾ ಗಿಡ ಅನ್ನೂದು ಅದಕ್ಕ ಗೊತ್ತಿರಬೇಕಲ್ಲ."

ಬೀಗರು ಮತ್ತೆ ಬರುವವರಿದ್ದರು, ಆಕಾರ ಕೆಡುವಂತಿರಲಿಲ್ಲ. ಕಡೆಗೆ ಒಂದು ಒಪ್ಪಂದವಾಯಿತು. ಸೋಮವಾರ ಕತ್ತರಿ ಮುಟ್ಟುವ ಹಾಗಿಲ್ಲ. ಉಳಿದ ದಿನ ಸ್ನಾನ ಮಾಡಿ, ಚಪ್ಪಲಿ ಬಿಟ್ಟು ಕತ್ತರಿಸಬಹುದು. ಥಂಡಿಯಲ್ಲಿ ಮುಂಜಾನೆ ಒದ್ದೆ ಮೈಯಲ್ಲಿ, ಬರಿಗಾಲಲ್ಲಿ ಮಾವ ಗಿಡ ಕತ್ತರಿಸುವುದನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ಕನಿಕರವೂ ಬರುತ್ತಿತ್ತು.

ಮದುವೆಯಾದ ಮೇಲೆ ಅಜ್ಜ ಮಿರಜಿನ ದವಾಖಾನೆಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡರು. ನಾಗರ ಪಂಚಮಿಗೆ ನಾದಿನಿಯನ್ನು ತವರಿಗೆ ಬಿಡಲು ದಪ್ಪ ಕನ್ನಡಕ ಹಾಕಿಕೊಂಡು ತಾವೇ ಬಂದರು. ನಾವೆಲ್ಲ ಬಾಗಿಲಲ್ಲಿ ನಿಂತೆವು. ಅವರು ಗಿಡದ ಸುತ್ತ ಒಂದು ಸುತ್ತು ಬಂದರು, ಬಗ್ಗಿ ನೋಡಿದರು, ಒಂದು ಎಲೆ ಕಿತ್ತು ಉಜ್ಜಿ ಮೂಸಿದರು.

"ಮೆಂದಿ" ಎಂದರು.

"ಹೌದ್ರಿ" ಎಂದರು ಮಾವ.

ಅಜ್ಜ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಬೀಗರ, ಇಷ್ಟು ದುಂಡಗ ಕತ್ತರಸಾಕ ಎಂಥಾ ಕೈ ಬೇಕ್ರಿ. ನಮ್ಮ ಮನಿ ಮುಂದನೂ ಒಂದು ಮೆಂದಿ ಗಿಡ ಐತಿ. ಅದರಾಗ ಒಂದು ನಂದಿ ಮಾಡಿಕೊಡ್ರಿ."

ಆಗಲಿ ಎನ್ನದೆ ಮಾವನವರಿಗೆ ಬೇರೆ ದಾರಿ ಇರಲಿಲ್ಲ. ಮಳೆಗಾಲದಲ್ಲಿ ಮುಧೋಳದಿಂದ ಕರೆ ಬಂದಾಗ ಚಿಗುರು ಎಳೆಯದು, ಬಲಿಯಲಿ ಎಂದರು. ಚಳಿಯಲ್ಲಿ ಕರೆ ಬಂದಾಗ ಇಬ್ಬನಿ ಬೀಳುತ್ತಿದೆ, ಗಾಯ ಒಣಗುವುದಿಲ್ಲ ಎಂದರು. ಬೇಸಿಗೆಯಲ್ಲಂತೂ ಗಿಡ ಸತ್ತೇಹೋಗುತ್ತದೆ ಎಂದು ಹೇಳಿಕಳಿಸಿದರು. ಅಜ್ಜ ನಂಬಿದರು, ಅಥವಾ ನಂಬಿದಂತೆ ಇದ್ದರು. ಆ ಗಿಡ ಯಾರೂ ಮುಟ್ಟದೆ ಸೂರಿನೆತ್ತರ ಬೆಳೆಯಿತು. ಅವರ ಓಣಿಯ ಹೆಂಗಸರಿಗೆಲ್ಲ ಅದರದೇ ಎಲೆ. ನಾದಿನಿ ಯಾವಾಗ ತವರಿಗೆ ಬಂದರೂ ಅವಳ ಅಂಗೈ ಕೆಂಪಗಿರುತ್ತಿತ್ತು.