ಮೊದಲ ಚಕ್ಕಲಿಯ ಸದ್ದು

ಇಂಡಿ ಊರಿನ ಪೇಟೆ ಓಣಿಯಲ್ಲಿ ಚಕ್ಕಲಿ ಒತ್ತುವ ಹಿತ್ತಾಳೆ ಅಚ್ಚು ಇರುವುದು ಶಾವಂತ್ರವ್ವನೊಬ್ಬಳ ಹತ್ತಿರ. ದೀಪಾವಳಿಗೆ ಯಾರು ಬಂದು ಬಾಗಿಲಲ್ಲಿ ನಿಂತರೂ, "ಅಚ್ಚು ಬೇಕಂದ್ರ ನಾನೂ ಬರ್ತೇನಿ" ಎಂದು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಬಿಡುತ್ತಾಳೆ. ಹೋದ ಮನೆಯಲ್ಲಿ, "ಹಿಟ್ಟೇನು ಕಡಿತೈತೇನ? ಜೋರಾಗಿ ನಾದ್ರಿ!" ಎಂದು ಸೊಸೆಯಂದಿರನ್ನು ಗದರುತ್ತಾಳೆ. ಕೆಂಪಗೆ ಕರಿದ ಮೊದಲ ಚಕ್ಕಲಿಯನ್ನು ಕಿವಿಯ ಹತ್ತಿರ ಹಿಡಿದು, "ಸುಮ್ಮನಿರ್ರಿ, ಅದು ಏನಂತೈತಿ ಕೇಳೂಣ" ಎಂದು ಅಳುವ ಕೂಸಿನಿಂದ ಹಿಡಿದು ಸಾವುಕಾರರ ಹೊಸ ರೇಡಿಯೊದವರೆಗೆ ಎಲ್ಲರ ಬಾಯಿ ಮುಚ್ಚಿಸಿ, ಲಟಕ್ಕನೆ ಮುರಿಯುತ್ತಾಳೆ. ಹದ ಬಂದಿದ್ದರೆ ಆ ಸದ್ದೇ ಹೇಳುತ್ತದೆ. ಈಚೆಗೆ ಆಕೆಯ ಕಿವಿ ಪೂರ್ತಿ ಹೋಗಿದೆ. ಅದು ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದಾಳೆ. ಅದಕ್ಕೇ ಮುರಿಯುವಾಗ ಆಕೆಯ ಕಣ್ಣು ಸೊಸೆಯಂದಿರ ಮುಖದ ಮೇಲಿರುತ್ತದೆ. ಎಲ್ಲ ಗೊತ್ತಿರುವ ಅವರು, ಸದ್ದು ಕೇಳಿದ ಕೂಡಲೇ, ಆಕೆಗೆ ಕಾಣುವಷ್ಟು ಅಗಲಕ್ಕೆ ನಗುತ್ತಾರೆ. "ಕೇಳಿದ್ರಿಲ್ಲೋ?" ಎಂದು ಶಾವಂತ್ರವ್ವ ಬೀಗುತ್ತಾಳೆ.